ಹೊಸ ವಿಂಡೋಸ್ ಮತ್ತು ನಮ್ಮ ಹಳೆಯ ಕನ್ನಡ ಫೈಲುಗಳು

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಅಂದಿನಿಂದ ವಾಚನಾಲಯಕ್ಕೆ ಬರುವ ಸದಸ್ಯರು ಪತ್ರಿಕೆಯನ್ನು ಮಡಿಸಿಟ್ಟು ನಮ್ಮನ್ನು ಕೇಳುವ ಪ್ರಶ್ನೆಗಳು ಎರಡು. ಮನೆಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಬೇಕೆ? ಏರಿಸಿದರೆ ಅದರೊಳಗಿರುವ ನಮ್ಮ ಕನ್ನಡ ಬರಹಗಳ ಗತಿಯೇನು? ವಾಚನಾಲಯದ ಕಂಪ್ಯೂಟರನ್ನು ನಾವು ಏರಿಸಿ, ಕೆಲವು ವಾರ ಬಳಸಿ ನೋಡಿದ್ದೇವೆ. ಮೊದಲ ನೋಟಕ್ಕೆ ಕಂಡದ್ದನ್ನು, ಅದರ ಹಿಂದಿರುವ ಕಾರಣಗಳೊಡನೆ ಇಲ್ಲಿ ತಿಳಿಸುತ್ತೇವೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ತುಸು ವಿವರಣೆ ಬೇಕು, ಮುಖ್ಯವಾದದ್ದೂ ಅದೇ.

ವ್ಯವಸ್ಥೆ ಎಂದರೇನು?

ಕಾರ್ಯಾಚರಣ ವ್ಯವಸ್ಥೆ ಎಂಬ ಹೆಸರು ಭಾರವಾದದ್ದು. ಅದರ ಕೆಲಸ ಮಾತ್ರ ನಮಗೆ ಪರಿಚಿತವಾದದ್ದೇ. ಒಂದು ವಾಚನಾಲಯವನ್ನೇ ತೆಗೆದುಕೊಳ್ಳೋಣ. ಗೋಡೆ, ಕಪಾಟು, ಮೇಜು, ದೀಪ ಇವು ಕಟ್ಟಡಕ್ಕೆ ಸೇರಿದವು. ಪುಸ್ತಕಗಳು ಓದುಗರ ಸೊತ್ತು. ಇವೆರಡರ ನಡುವೆ ನಿಂತು, ಯಾವ ಪುಸ್ತಕ ಎಲ್ಲಿದೆ, ಯಾರಿಗೆ ಕೊಡಬೇಕು, ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ತೆರೆಯಬಾರದು ಎಂದು ನೋಡಿಕೊಳ್ಳುವವನು ಗ್ರಂಥಪಾಲ. ಕಂಪ್ಯೂಟರಿನ ಯಂತ್ರಭಾಗಗಳೇ ಕಟ್ಟಡ, ನಾವು ಬರೆದಿಟ್ಟ ಫೈಲುಗಳೇ ಪುಸ್ತಕಗಳು ಎಂದುಕೊಂಡರೆ, ವಿಂಡೋಸ್ ಅಥವಾ ಲಿನಕ್ಸ್ ಎಂಬುದು ಈ ಗ್ರಂಥಪಾಲನ ಸ್ಥಾನದಲ್ಲಿದೆ.

ಹೊಸ ಗ್ರಂಥಪಾಲ ಬಂದ ಮಾತ್ರಕ್ಕೆ ಪುಸ್ತಕಗಳು ಬದಲಾಗುವುದಿಲ್ಲ. ಆದರೆ ಆತ ಬೀಗ ಬದಲಿಸುತ್ತಾನೆ, ಮೇಜನ್ನು ಅತ್ತಿತ್ತ ಸರಿಸುತ್ತಾನೆ, ತನಗೆ ತಿಳಿಯದ ಲಿಪಿಯ ಪುಸ್ತಕ ಕೈಗೆ ಸಿಕ್ಕರೆ ತಬ್ಬಿಬ್ಬಾಗುತ್ತಾನೆ. ನಾವು ಹೇಳಬೇಕಾದದ್ದೆಲ್ಲ ಈ ಮೂರು ಮಾತುಗಳಲ್ಲಿಯೇ ಅಡಗಿದೆ.

ಬೀಗದ ಮಾತು

ಬೆಂಬಲ ಮುಗಿಯಿತೆಂದರೆ ಕಂಪ್ಯೂಟರು ಆ ದಿನ ನಿಂತುಹೋಗುವುದೆಂದು ಅರ್ಥವಲ್ಲ. 2015ರ ಜುಲೈನಲ್ಲಿ ಹೊರಬಂದ ವಿಂಡೋಸ್ 10 ಹಿಂದಿನಂತೆಯೇ ತೆರೆದುಕೊಳ್ಳುತ್ತದೆ, ಹಿಂದಿನಂತೆಯೇ ಕೆಲಸ ಮಾಡುತ್ತದೆ. ನಿಂತದ್ದು ದುರಸ್ತಿ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ಸಣ್ಣಪುಟ್ಟ ಬಿರುಕುಗಳು ಇದ್ದೇ ಇರುತ್ತವೆ. ಅವು ಕಂಡುಬಂದಂತೆಲ್ಲ ತಯಾರಕರು ತಿಂಗಳಿಗೊಮ್ಮೆ ತೇಪೆ ಹಾಕುತ್ತ ಬರುತ್ತಾರೆ. ವಿಂಡೋಸ್ 11ಕ್ಕೆ ಒಂದು ತೇಪೆ ಬಂದಾಗ, ಅದನ್ನು ಬಿಚ್ಚಿ ನೋಡಿದವನಿಗೆ ಬಿರುಕು ಎಲ್ಲಿತ್ತೆಂಬುದು ತಿಳಿದುಹೋಗುತ್ತದೆ. ಅದೇ ಬಿರುಕು ತೇಪೆಯಿಲ್ಲದ ಹಳೆಯ ವ್ಯವಸ್ಥೆಯಲ್ಲಿಯೂ ಇದ್ದರೆ ಕಳ್ಳನಿಗೆ ದಾರಿ ತೋರಿಸಿದಂತಾಯಿತು. ಬ್ಯಾಂಕಿನ ವ್ಯವಹಾರವನ್ನೋ ಪಿಂಚಣಿಯ ಕೆಲಸವನ್ನೋ ಇದೇ ಕಂಪ್ಯೂಟರಿನಲ್ಲಿ ಮಾಡುವವರು ಈ ಮಾತನ್ನು ಹಗುರಾಗಿ ನೋಡಬಾರದು. ಅಂತರ್ಜಾಲದ ಸಂಪರ್ಕವೇ ಇಲ್ಲದೆ, ಕೇವಲ ಬರೆಯಲು ಬಳಸುವ ಯಂತ್ರಕ್ಕೆ ಇಷ್ಟು ಅವಸರವಿಲ್ಲ. ಮನೆಬಳಕೆಯವರಿಗೆಂದು ಕೆಲವು ಷರತ್ತುಗಳೊಡನೆ ಹೆಚ್ಚಿನ ರಕ್ಷಣೆಯ ಒಂದು ಯೋಜನೆಯೂ ಬಂತು; ಅದಕ್ಕೆ ಮೊದಲು ಪ್ರಕಟವಾದ ಗಡುವು 2026ರ ಅಕ್ಟೋಬರ್ 13.

ಹಾಗೆಂದು ಎಲ್ಲ ಕಂಪ್ಯೂಟರುಗಳನ್ನೂ ಏರಿಸಲು ಬರುವುದಿಲ್ಲ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11, ಯಂತ್ರದಲ್ಲಿ ಕೆಲವು ಅರ್ಹತೆಗಳನ್ನು ಕೇಳುತ್ತದೆ. 64 ಬಿಟ್‌ನ ಸಂಸ್ಕಾರಕ, ಕನಿಷ್ಠ 4 ಗಿಗಾಬೈಟ್ ರ‍್ಯಾಮ್, ಕನಿಷ್ಠ 64 ಗಿಗಾಬೈಟ್ ಸಂಗ್ರಹಸ್ಥಳ ಇವು ಸಾಮಾನ್ಯವಾದವು. ಇವುಗಳ ಜೊತೆಗೆ ಟಿಪಿಎಂ 2.0 ಎಂಬ ರಕ್ಷಣಾಸಾಧನ ಇರಬೇಕು. ರಹಸ್ಯ ಕೀಲಿಗಳನ್ನು ಉಳಿದ ತಂತ್ರಾಂಶದ ಕೈಗೆ ಸಿಗದಂತೆ ಕಾಪಾಡುವುದು ಇದರ ಕೆಲಸ. ಸಂಸ್ಕಾರಕವು ಒಪ್ಪಿತವಾದವುಗಳ ಪಟ್ಟಿಯಲ್ಲಿಯೂ ಇರಬೇಕು. ಇಂಟೆಲ್ ಕಂಪನಿಯವುಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆ, ಎಂದರೆ 2017ರಲ್ಲಿ ಬಂದದ್ದು ಅಥವಾ ಅದರಿಂದ ಈಚಿನದು ಆಗಿದ್ದರೆ ಸಲ್ಲುತ್ತದೆ. ಇದನ್ನೆಲ್ಲ ನಾವೇ ಲೆಕ್ಕ ಹಾಕಬೇಕಾಗಿಲ್ಲ. ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನವು ಅರ್ಹತೆ ಇದೆಯೋ ಇಲ್ಲವೋ, ಇಲ್ಲದಿದ್ದರೆ ಕೊರತೆ ಯಾವುದು ಎಂದು ಹೇಳುತ್ತದೆ. ಟಿಪಿಎಂ ಇಲ್ಲವೆಂದು ಅದು ಹೇಳಿದರೂ ಕೂಡಲೆ ನಿರಾಶರಾಗಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದರೂ ಆರಿಸಿಟ್ಟಿರುತ್ತದೆ. ಯಂತ್ರದ ಮೂಲ ಏರ್ಪಾಟುಗಳ ಪುಟದಲ್ಲಿ ಅದನ್ನು ಹಚ್ಚಿಕೊಳ್ಳಬಹುದು.

ಅರ್ಹತೆಯಿಲ್ಲವೆಂದು ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವುದು ನಮಗೆ ಸರಿಕಾಣದು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಯಂತ್ರಗಳಲ್ಲಿಯೂ ಸಾಗುತ್ತವೆ. ಕನ್ನಡಕ್ಕೂ ಅಲ್ಲಿ ಕೊರತೆಯಿಲ್ಲ. ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ಎಂದು ಕರೆಯಲಾಗುವ ಕೀಲಿಮಣೆಯ ವಿನ್ಯಾಸ ಲಿನಕ್ಸಿನೊಳಗೇ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ತವರುಮನೆಯಂತೆ ತೋರುವುದು.

ಮೇಜು ಸರಿಸಿದ ಮಾತು

ಅರ್ಹವಾದ ಯಂತ್ರವನ್ನು ಏರಿಸುವ ಕೆಲಸ ನಾವು ಅಂದುಕೊಂಡಷ್ಟು ಕಷ್ಟದ್ದಲ್ಲ. ಅನುಮತಿ ಕೊಟ್ಟ ಮೇಲೆ ಅದು ತನಗೆ ಬೇಕಾದದ್ದನ್ನು ತಾನೇ ತರಿಸಿಕೊಂಡು, ಕೆಲವು ಸಲ ಆರಿ ಹತ್ತಿ, ಕೊನೆಗೆ ಹೊಸ ಮುಖದೊಡನೆ ಎದುರು ನಿಲ್ಲುತ್ತದೆ. ನಮ್ಮ ಫೈಲುಗಳೆಲ್ಲವೂ ಇದ್ದಲ್ಲಿಯೇ ಇದ್ದವು. ವೇಗ ಹೆಚ್ಚಿತೆಂದೂ ಹೇಳಲಾರೆವು, ಕುಗ್ಗಿತೆಂದೂ ಹೇಳಲಾರೆವು.

ಮೊದಲು ಕಣ್ಣಿಗೆ ಬೀಳುವುದು ಪರದೆಯ ಅಡಿಯ ಪಟ್ಟಿ. ಇಷ್ಟು ವರ್ಷ ಎಡಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದಿದೆ. ನಮ್ಮ ಹಿರಿಯ ಸದಸ್ಯರ ಕೈ ಈಗಲೂ ಎಡಮೂಲೆಗೇ ಹೋಗುತ್ತದೆ. ಇದು ಯಂತ್ರದ ತಪ್ಪೂ ಅಲ್ಲ, ಕೈಯ ತಪ್ಪೂ ಅಲ್ಲ, ರೂಢಿಯ ಬಲ. ಸೆಟ್ಟಿಂಗ್ಸ್ ಒಳಗೆ ಅಡಿಪಟ್ಟಿಯ ಪುಟವನ್ನು ತೆರೆದು ಜೋಡಣೆಯನ್ನು ಎಡಕ್ಕೆ ಎಂದು ಬದಲಿಸಿದರೆ ಗುಂಡಿ ಹಳೆಯ ಸ್ಥಳಕ್ಕೇ ಬರುವುದು. ಫೈಲಿನ ಮೇಲೆ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯೂ ಚಿಕ್ಕದಾಗಿದೆ. ಕತ್ತರಿಸು, ನಕಲಿಸು, ಹೆಸರು ಬದಲಿಸು, ಅಳಿಸು ಎಂಬ ಕೆಲಸಗಳು ಸಣ್ಣ ಚಿತ್ರಗಳಾಗಿವೆ. ಹಳೆಯ ಉದ್ದ ಪಟ್ಟಿಯೇ ಬೇಕೆಂದರೆ ಕೆಳಗಿನ ಶೋ ಮೋರ್ ಆಪ್ಷನ್ಸ್ ಎಂಬುದನ್ನು ಒತ್ತಬೇಕು.

ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುವ ಮಾತುಗಳು. ರೂಢಿಯಿಂದ ಪರಿಹಾರವಾಗದ ಬದಲಾವಣೆಗಳೂ ಎರಡಿವೆ. ಒಂದು, ವಿಂಡೋಸಿನೊಡನೆ ಎಷ್ಟೋ ಕಾಲದಿಂದ ಬರುತ್ತಿದ್ದ ವರ್ಡ್‌ಪ್ಯಾಡ್ ಎಂಬ ಸರಳ ಬರವಣಿಗೆಯ ಸಾಧನವನ್ನು 2024ರ ಆವೃತ್ತಿಯಿಂದ ತೆಗೆದುಹಾಕಲಾಗಿದೆ. ಅದರಲ್ಲಿ ಪತ್ರ ಬರೆದಿಟ್ಟವರು ಗಾಬರಿಪಡಬೇಕಾಗಿಲ್ಲ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಆ ಫೈಲುಗಳನ್ನು ತೆರೆಯಬಲ್ಲದು. ಎರಡು, ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ. 32 ಬಿಟ್‌ನ ತಂತ್ರಾಂಶಗಳು ಅದರ ಮೇಲೆ ಸಾಮಾನ್ಯವಾಗಿ ನಡೆಯುತ್ತವೆ. ಅದಕ್ಕಿಂತ ಹಿಂದಿನ 16 ಬಿಟ್‌ನವು ನಡೆಯುವುದಿಲ್ಲ. ಮೂವತ್ತು ವರ್ಷದ ಹಿಂದಿನ ತಂತ್ರಾಂಶವನ್ನು ಇಂದಿಗೂ ಹಳೆಯ ಯಂತ್ರದಲ್ಲಿ ಓಡಿಸುತ್ತಿರುವವರು, ಅದರಲ್ಲಿ ಬರೆದದ್ದನ್ನು ಮೊದಲು ಹೊರತೆಗೆದುಕೊಂಡು ಆಮೇಲೆ ಮುಂದುವರಿಯಬೇಕು.

ಲಿಪಿಯ ಮಾತು

ಕನ್ನಡದ ವಿಷಯದಲ್ಲಿ ಮೊದಲು ಸಂತೋಷದ ಸಮಾಚಾರ. ಹೊಸ ವ್ಯವಸ್ಥೆಯಲ್ಲಿ ಕನ್ನಡ ಓದುವುದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ನಿರ್ಮಲಾ ಯುಐ ಎಂಬ ಫಾಂಟು ಅದರೊಡನೆಯೇ ಬರುತ್ತದೆ. ಬರೆಯುವುದಕ್ಕೆ ಸೆಟ್ಟಿಂಗ್ಸಿನ ಭಾಷೆಗಳ ಪುಟದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ, ಉಚ್ಚಾರಣೆಯನ್ನನುಸರಿಸಿ ರೋಮನ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆಯೂ ದೊರೆಯುತ್ತವೆ; ಈ ಎರಡನೆಯದು 2019ರಲ್ಲಿಯೇ ವಿಂಡೋಸ್ 10ಕ್ಕೆ ಬಂದಿತ್ತು. ವಿಂಡೋಸ್ ಗುಂಡಿಯನ್ನು ಹಿಡಿದು ಸ್ಪೇಸ್ ಪಟ್ಟಿಯನ್ನು ಒತ್ತಿದರೆ ಭಾಷೆ ಬದಲಾಗುತ್ತದೆ. ಬೇಕಾದವರು ಪರದೆಯ ಮೇಲಿನ ಪಟ್ಟಿಗಳನ್ನೂ ಕನ್ನಡದಲ್ಲಿಯೇ ಕಾಣಬಹುದು. ಎಲ್ಲ ಪುಟಗಳೂ ಕನ್ನಡಕ್ಕೆ ತಿರುಗುವುದಿಲ್ಲ. ಅಲ್ಲಲ್ಲಿ ಇಂಗ್ಲಿಷು ಇಣುಕುತ್ತದೆ. ಆದರೂ ಇಂಗ್ಲಿಷ್ ಬಾರದ ಹಿರಿಯರಿಗೆ ಇದೊಂದು ಆಸರೆ.

ಇನ್ನು ಹಳೆಯ ಫೈಲುಗಳು. ನಮ್ಮ ವಾಚನಾಲಯದ ಪುಸ್ತಕಗಳ ಪಟ್ಟಿ ಬಹು ವರ್ಷಗಳ ಹಿಂದೆ ನುಡಿ ತಂತ್ರಾಂಶದ ಅಂದಿನ ಫಾಂಟಿನಲ್ಲಿ ಬೆರಳಚ್ಚಾದದ್ದು. ಏರಿಸಿದ ಕಂಪ್ಯೂಟರಿನಲ್ಲಿ ಅದನ್ನು ತೆರೆದೆವು. ಅಕ್ಷರ ಕೆಡದೆ ಹಿಂದಿನಂತೆಯೇ ಬಂತು. ಅದೇ ಫೈಲಿನ ಪ್ರತಿಯನ್ನು, ವಿಂಡೋಸ್ 11 ಸಹಿತವಾಗಿಯೇ ಹೊಸದಾಗಿ ಕೊಂಡ ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿದೆವು. ಅಲ್ಲಿ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಸಾಲುಸಾಲಾಗಿ ನಿಂತಿದ್ದವು. ವ್ಯವಸ್ಥೆ ಒಂದೇ, ಫೈಲು ಒಂದೇ, ಫಲ ಮಾತ್ರ ಬೇರೆ. ಇದು ಹೇಗೆ?

ಕಂಪ್ಯೂಟರು ಅಕ್ಷರವನ್ನು ಚಿತ್ರವಾಗಿ ಕೂಡಿಡುವುದಿಲ್ಲ, ಸಂಖ್ಯೆಯಾಗಿ ಕೂಡಿಡುತ್ತದೆ. ಯಾವ ಸಂಖ್ಯೆಗೆ ಯಾವ ಆಕಾರ ಎಂಬುದನ್ನು ತೋರಿಸುವುದು ಫಾಂಟು. ಹಿಂದೆ ಬಳಕೆಯಲ್ಲಿದ್ದ ಏರ್ಪಾಟಿನಲ್ಲಿ ಒಟ್ಟು 256 ಮನೆಗಳು ಮಾತ್ರ ಇದ್ದವು. ಅವು ರೋಮನ್ ಅಕ್ಷರ, ಅಂಕಿ, ಚಿಹ್ನೆಗಳಿಗೆಂದು ಗೊತ್ತಾದವು. ಕನ್ನಡಕ್ಕೆ ಅಲ್ಲಿ ಸ್ವಂತ ಮನೆಯಿರಲಿಲ್ಲ. ಕನ್ನಡದಲ್ಲಿ ಬರೆಯಲೇಬೇಕೆಂಬ ಛಲವಿದ್ದವರು ಒಂದು ಉಪಾಯ ಮಾಡಿದರು. ರೋಮನ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು, ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಬಿಡಿಯಾಗಿ ಕೂರಿಸಿದರು. ಹೀಗೆ ಪರದೆಯ ಮೇಲೆ ಕನ್ನಡ ಕಂಡಿತು, ಕಾಗದದ ಮೇಲೆ ಅಚ್ಚೂ ಆಯಿತು. ಎಷ್ಟೋ ಸ್ಮರಣ ಸಂಚಿಕೆಗಳು, ಮದುವೆಯ ಕರೆಯೋಲೆಗಳು, ಸಂಘದ ವರದಿಗಳು ಹೊರಬಂದದ್ದು ಆ ಉಪಾಯದಿಂದಲೇ; ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಫೈಲಿನ ಒಳಗೆ ಇದ್ದದ್ದು ಕನ್ನಡವಲ್ಲ; ಕನ್ನಡದ ವೇಷ ಹಾಕಿದ ರೋಮನ್ ಸಂಖ್ಯೆಗಳು. ಆ ಫಾಂಟು ಇರುವವರೆಗೆ ವೇಷ ಇರುತ್ತದೆ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಇದ್ದ ಯಂತ್ರವನ್ನೇ ಏರಿಸಿದಾಗ ಹಳೆಯ ಫಾಂಟುಗಳು ಉಳಿದುಕೊಂಡದ್ದರಿಂದ ಪಟ್ಟಿ ಸರಿಯಾಗಿ ಕಂಡಿತು; ಹೊಸ ಯಂತ್ರದಲ್ಲಿ ಆ ಫಾಂಟು ಇರಲಿಲ್ಲವಾದ್ದರಿಂದ ಕಾಣಲಿಲ್ಲ.

ಈ ತೊಡಕನ್ನು ಬಿಡಿಸಿದ್ದು ಯುನಿಕೋಡ್ ಎಂಬ ಜಾಗತಿಕ ಒಪ್ಪಂದ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 128 ಮನೆಗಳು ಕನ್ನಡಕ್ಕೆಂದೇ ಮೀಸಲಾದವು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಡನೆ ಈ ಕನ್ನಡವನ್ನು ಮನೆಮನೆಯ ಕಂಪ್ಯೂಟರಿಗೆ ತಂದಿತು. ಯುನಿಕೋಡಿನಲ್ಲಿ ಬರೆದ ಕ ಅಕ್ಷರವು ಯಾವ ಫಾಂಟಿನಲ್ಲಿಯೂ, ಯಾವ ಊರಿನ ಯಂತ್ರದಲ್ಲಿಯೂ ಕ ಆಗಿಯೇ ಇರುತ್ತದೆ. ತುಂಗಾ ಫಾಂಟು ಈಗ ವಿಂಡೋಸಿನಲ್ಲಿ ಬೇಕಾದವರು ಸೇರಿಸಿಕೊಳ್ಳುವ ಹೆಚ್ಚುವರಿ ಫಾಂಟುಗಳ ಸಾಲಿಗೆ ಸೇರಿದೆ. ಅದು ಇಲ್ಲದ ಯಂತ್ರದಲ್ಲಿ ತುಂಗಾದ ಹಳೆಯ ಬರಹ ಬೇರೊಂದು ಫಾಂಟಿನಲ್ಲಿ ಕಂಡೀತು, ಅಕ್ಷರದ ಮೈಕಟ್ಟು ತುಸು ಬದಲಾದೀತು. ಆದರೆ ಓದಲು ಬಾರದಂತೆ ಆಗದು. ವೇಷಕ್ಕೂ ಮೈಗೂ ಇರುವ ವ್ಯತ್ಯಾಸ ಇದೇ.

ಇದರಿಂದ ಇನ್ನೂ ಒಂದು ಲಾಭವುಂಟು. ಹಳೆಯ ಬಗೆಯ ಪಟ್ಟಿಯಲ್ಲಿ ಒಂದು ಪುಸ್ತಕದ ಹೆಸರನ್ನು ಯುನಿಕೋಡ್ ಕೀಲಿಮಣೆಯಿಂದ ಬರೆದು ಹುಡುಕಿದರೆ ಸಿಗುವುದಿಲ್ಲ. ಕನ್ನಡ ಕಾಣುತ್ತಿದ್ದರೂ ಒಳಗಿರುವುದು ಬೇರೆ. ಅಕಾರಾದಿಯಾಗಿ ಜೋಡಿಸೆಂದರೆ ವರ್ಣಮಾಲೆಯ ಕ್ರಮ ಬರುವುದಿಲ್ಲ. ಯುನಿಕೋಡಿಗೆ ತಿರುಗಿಸಿದ ಪಟ್ಟಿಯಲ್ಲಿ ಹುಡುಕಾಟವೂ ನಡೆಯುತ್ತದೆ, ಅಕಾರಾದಿಯೂ ಬರುತ್ತದೆ. ಒಂದು ವಾಚನಾಲಯಕ್ಕೆ ಇದಕ್ಕಿಂತ ಬೇರೆ ಬೇಕೇ?

ಹೊರನಾಡಿನಲ್ಲಿ ಎಚ್ಚರಿಕೆ ಏಕೆ?

ಕರ್ನಾಟಕದ ಊರುಗಳಲ್ಲಿ ಇಂತಹ ಫೈಲನ್ನು ಹಿಡಿದು ಮುದ್ರಣಾಲಯಕ್ಕೋ ಬೆರಳಚ್ಚಿನ ಅಂಗಡಿಗೋ ಹೋದರೆ, ಇದು ಹಳೆಯ ನುಡಿ, ಇದು ಹಳೆಯ ಬರಹ ಎಂದು ಗುರುತಿಸುವವರು ಸಿಕ್ಕಾರು. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನಮ್ಮ ಬೀದಿಯ ರಿಪೇರಿಯವನಿಗೆ ಕನ್ನಡವೇ ತಿಳಿಯದು. ಅವನ ಕಣ್ಣಿಗೆ ಈ ಫೈಲು ಕೆಟ್ಟುಹೋದ ಕಸದಂತೆಯೇ ಕಾಣುತ್ತದೆ. ಯಂತ್ರವನ್ನು ತೊಳೆದು ಹೊಸದಾಗಿ ವಿಂಡೋಸ್ ಹಾಕಿಕೊಡುವಾಗ ಅವನು ಫೈಲನ್ನು ಉಳಿಸಿದರೂ, ಸಿಸ್ಟಮಿನ ಜೊತೆಗೆ ಫಾಂಟು ಅಳಿದುಹೋಗುತ್ತದೆ. ಮನೆಯವರೂ ತೆರೆದು ನೋಡಿ, ಹಾಳಾಯಿತೆಂದು ತಿಳಿದು ಅಳಿಸಿಬಿಡುತ್ತಾರೆ. ಅದರಲ್ಲಿದ್ದದ್ದು ಅಜ್ಜಿ ಹೇಳಿ ಬರೆಸಿದ ಹಾಡುಗಳಿರಬಹುದು, ತಂದೆಯವರು ನಿವೃತ್ತಿಯ ನಂತರ ಬರೆದ ಆತ್ಮಕಥೆಯಿರಬಹುದು, ಸಂಘದ ಹಳೆಯ ನಡವಳಿಗಳಿರಬಹುದು. ಇವುಗಳಿಗೆ ಎರಡನೆಯ ಪ್ರತಿ ಲೋಕದಲ್ಲಿ ಎಲ್ಲಿಯೂ ಇರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದಾದರೆ, ಏರಿಸುವ ಮುನ್ನವೇ ಈ ಕೆಲಸಗಳನ್ನು ಮಾಡಿಕೊಳ್ಳಬೇಕು.

ಮೊದಲನೆಯದಾಗಿ, ಎಲ್ಲ ಫೈಲುಗಳ ಪ್ರತಿಯನ್ನು ಕಂಪ್ಯೂಟರಿನಿಂದ ಬೇರ್ಪಡಿಸಬಹುದಾದ ಒಂದು ಡಿಸ್ಕಿನಲ್ಲಿ ತೆಗೆದಿಡಬೇಕು. ತೆಗೆದಿಟ್ಟ ಪ್ರತಿ ತೆರೆಯುತ್ತದೆಯೇ ಎಂದು ಬೇರೊಂದು ಯಂತ್ರದಲ್ಲಿ ನೋಡಬೇಕು.

ಎರಡನೆಯದಾಗಿ, ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟುಗಳಲ್ಲಿ ಕನ್ನಡದವುಗಳನ್ನೂ ನಕಲು ಮಾಡಿ, ಫೈಲುಗಳ ಪಕ್ಕದಲ್ಲಿಯೇ ಇಡಬೇಕು. ಯಾವ ಫೈಲಿಗೆ ಯಾವ ಫಾಂಟೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನವರಿಗೆ ಉಪಕಾರ.

ಮೂರನೆಯದಾಗಿ, ಫೈಲು ಯಾವ ಬಗೆಯದೆಂದು ಪರೀಕ್ಷಿಸಬೇಕು. ಕೆಲವು ಸಾಲುಗಳನ್ನು ನಕಲಿಸಿ ನೋಟ್‌ಪ್ಯಾಡಿನಲ್ಲಿ ಇಳಿಸಿರಿ. ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್, ಚಿಂತೆಯಿಲ್ಲ. ರೋಮನ್ ಅಕ್ಷರವಾಗಿ ಒಡೆದರೆ ಅದು ಹಳೆಯ ಬಗೆಯದು.

ನಾಲ್ಕನೆಯದಾಗಿ, ಹಳೆಯ ಬಗೆಯದನ್ನು ಯುನಿಕೋಡಿಗೆ ತಿರುಗಿಸಬೇಕು. ನುಡಿ, ಬರಹ ತಂತ್ರಾಂಶಗಳಲ್ಲಿ ಇದಕ್ಕೆ ಸೌಲಭ್ಯವಿದೆ. ಆದರೆ ಯಂತ್ರ ತಿರುಗಿಸಿದ್ದನ್ನು ಮನುಷ್ಯ ಒಮ್ಮೆ ಓದಲೇಬೇಕು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ತಪ್ಪು ನುಸುಳುವುದುಂಟು. ಇನ್ನೊಂದು ಅಪಾಯವಿದೆ. ಪಟ್ಟಿಯ ನಡುವೆ ಇಂಗ್ಲಿಷ್ ಪುಸ್ತಕದ ಹೆಸರಿದ್ದರೆ, ಅದು ನಿಜವಾದ ಇಂಗ್ಲಿಷೋ ವೇಷ ಹಾಕಿದ ಕನ್ನಡವೋ ಎಂದು ಬರಿಯ ಸಂಖ್ಯೆಗಳನ್ನು ನೋಡುವ ಸಾಧನಕ್ಕೆ ತಿಳಿಯದು. ಅದನ್ನೂ ಅರ್ಥವಿಲ್ಲದ ಕನ್ನಡವಾಗಿ ತಿರುಗಿಸಿಬಿಡುತ್ತದೆ. ಆದಕಾರಣ ಮೂಲ ಫೈಲನ್ನು ಎಂದಿಗೂ ಅಳಿಸಬಾರದು.

ಐದನೆಯದಾಗಿ, ಏರಿಸಿದ ಮೇಲೆ ಮೊದಲ ಹತ್ತು ದಿನಗಳೊಳಗೆ ಎಲ್ಲವನ್ನೂ ತೆರೆದು ಪರೀಕ್ಷಿಸಬೇಕು. ಹೊಸದು ಒಗ್ಗದಿದ್ದರೆ ಸಾಮಾನ್ಯವಾಗಿ ಆ ಹತ್ತು ದಿನಗಳೊಳಗೆ ಸೆಟ್ಟಿಂಗ್ಸಿನ ಮೂಲಕ ಹಿಂದಿನ ವಿಂಡೋಸಿಗೆ ಮರಳಬಹುದು. ಆಮೇಲೆ ವ್ಯವಸ್ಥೆಯು ಹಳೆಯದನ್ನು ತಾನಾಗಿ ತೆಗೆದುಹಾಕುತ್ತದೆ, ಆ ದಾರಿ ಮುಚ್ಚುತ್ತದೆ.

ನಮ್ಮ ಅಭಿಪ್ರಾಯ

ಯಂತ್ರ ಅರ್ಹವಾಗಿದ್ದು, ಅಂತರ್ಜಾಲಕ್ಕೆ ಬಳಕೆಯಾಗುತ್ತಿದ್ದರೆ ಏರಿಸುವುದೇ ಲೇಸು. ಮೇಜು ಸರಿಸಿದ ಗೊಂದಲ ವಾರದಲ್ಲಿ ಮರೆಯುತ್ತದೆ; ಗಟ್ಟಿಯಾದ ಬೀಗ ವರ್ಷಗಟ್ಟಲೆ ಕಾಯುತ್ತದೆ. ಆದರೆ ವ್ಯವಸ್ಥೆಗಳು ಬರುತ್ತವೆ, ಹೋಗುತ್ತವೆ. ಎಕ್ಸ್‌ಪಿ ಹೋಯಿತು, ಏಳು ಹೋಯಿತು, ಹತ್ತು ಹೋಯಿತು. ಹನ್ನೊಂದಕ್ಕೂ ಒಂದು ಕೊನೆಯ ದಿನವಿದೆ. ಗ್ರಂಥಪಾಲ ಯಾರೇ ಬರಲಿ, ಪುಸ್ತಕವನ್ನು ಓದಬರುವಂತೆ ಇಟ್ಟುಕೊಳ್ಳುವ ಹೊಣೆ ಓದುಗರಾದ ನಮ್ಮದು. ಒಮ್ಮೆ ಯುನಿಕೋಡಿಗೆ ತಿರುಗಿಸಿ ತಿದ್ದಿದ ಬರಹಕ್ಕೆ ಮುಂದಿನ ಬದಲಾವಣೆಯ ಭಯ ಬಹುಮಟ್ಟಿಗೆ ಇಲ್ಲ.

ವಾಚನಾಲಯದ ಪುಸ್ತಕಪಟ್ಟಿಯನ್ನು ಯುನಿಕೋಡಿಗೆ ತಿರುಗಿಸುವ ಕೆಲಸ ನಡೆದಿದೆ. ತಿದ್ದಿ ಓದಲು ಕಣ್ಣುಗಳು ಬೇಕಾಗಿವೆ. ಕನ್ನಡ ಓದಬಲ್ಲ ಯಾರಾದರೂ ಈ ಸೇವೆಗೆ ಸಲ್ಲುವರು. ಶಾಲೆಯಲ್ಲಿ ಕನ್ನಡ ಕಲಿಯುವ ಅವಕಾಶವಿಲ್ಲದೆ ಮನೆಯಲ್ಲಿ ಓದಲು ಕಲಿತ ನಮ್ಮ ಮಕ್ಕಳಿಗೂ ಇದು ಒಳ್ಳೆಯ ಅಭ್ಯಾಸ. ಸದಸ್ಯರು ತಮ್ಮ ಮನೆಯ ಹಳೆಯ ಫೈಲುಗಳನ್ನು ಭಾನುವಾರದ ವೇಳೆಯಲ್ಲಿ ಇಲ್ಲಿಗೆ ತಂದರೆ, ಅವು ಯಾವ ಬಗೆಯವೆಂದು ನೋಡಿ, ತಿರುಗಿಸಿಕೊಡಲು ನೆರವಾಗುತ್ತೇವೆ. ಹಾಳಾಗಿದೆ ಎಂದು ಮೂಲೆಗಿಟ್ಟ ಫೈಲಿದ್ದರೆ ಅದನ್ನೇ ಮೊದಲು ತನ್ನಿರೆಂದು ನಮ್ಮ ಬಿನ್ನಹ.